ಎರಡು ಸಾವಿರದ ಹಾಳೆ

“ಎರಡು ಸಾವಿರದ್ದು ನಾಲ್ಕು ಕೊಡಿ” ಅಂದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಪಕ್ಕ ನಿಂತು ಮೊಳೆ ತೂಗಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ತಿರುಗಿ ನೋಡಿದರು. ಆ ನೋಟನ್ನು ರಿಸರ್ವ್ ಬ್ಯಾಂಕು 2023ರಲ್ಲೇ ಹಿಂದಕ್ಕೆ ಕರೆಸಿಕೊಂಡಿತಲ್ಲ, ಪಾಪ, ಇವನಿಗಿನ್ನೂ ಸುದ್ದಿ ಮುಟ್ಟಿಲ್ಲ ಎಂಬ ಕನಿಕರ ಅವರ ಮುಖದಲ್ಲಿತ್ತು. ಅಂಗಡಿಯವನು ಮಾತ್ರ ತಲೆಯೆತ್ತದೆ, “ಎರಡು ಸಾವಿರ ಎರಡೇ ಇದೆ ಸಾರ್, ಸಾವಿರದೈನೂರು ಬೇಕಾದ್ರೆ ಎಷ್ಟಾದ್ರೂ ಇದೆ” ಎನ್ನುತ್ತ ಕಪ್ಪು ಹಾಳೆಗಳನ್ನು ಗಲ್ಲಾಪೆಟ್ಟಿಗೆಯ ಪಕ್ಕ ಹರಡಿದ. ವಾಟರ್ ಪೇಪರ್. ಬಡಗಿಗಳ ಉಪ್ಪುಕಾಗದಕ್ಕೆ ನೀರಿಗಿಳಿಯುವ ತಮ್ಮ ಅನ್ನಿ.

ಆ ನಂಬರಿನ ಲೆಕ್ಕ ನಮ್ಮ ಸಂಬಳದ ಲೆಕ್ಕಕ್ಕೆ ತಿರುಗುಮುರುಗು: ಅಂಕಿ ಏರಿದಷ್ಟೂ ಕಣ ಸಣ್ಣದು. 80ರ ಹಾಳೆ ಗೋಡೆಗೆ ಉಜ್ಜುವಂಥದ್ದು, ಕೈಗೆ ತಾಕಿದರೆ ಚರ್ಮ ಕೀಳುತ್ತದೆ. 2000ದ್ದನ್ನು ಕೆನ್ನೆಗೆ ಸವರಿಕೊಂಡರೂ ಎರಡು ದಿನ ಕ್ಷೌರ ಮಾಡದ ಮಾವನವರ ಕೆನ್ನೆಗಿಂತ ಮೃದು. ಅದರ ಒಂದೊಂದು ಕಣ ಸುಮಾರು 10 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ನೂರು ಕಣ ಸಾಲಾಗಿ ಕೂರಬಹುದು. ದಪ್ಪ ಕಣಗಳನ್ನು ಜರಡಿ ಹಿಡಿದು ಬೇರ್ಪಡಿಸುತ್ತಾರೆ. ಇಷ್ಟು ನುಣುಪಾದದ್ದಕ್ಕೆ ನಮ್ಮ ಅಜ್ಜಿಯ ವಸ್ತ್ರಗಾಳಿತವೂ ಸಾಲದು. ನೀರಿನಲ್ಲಿ ಕದಡಿ, ಯಾವುದು ಮೊದಲು ತಳ ಸೇರಿತು, ಯಾವುದು ತಡವಾಗಿ ಇಳಿಯಿತು ಎಂದು ನೋಡಿ ವಿಂಗಡಿಸಬೇಕು.

ಇಷ್ಟಕ್ಕೂ ನನಗೇಕೆ ಈ ಉಸಾಬರಿ? ಕಳೆದ ಮಳೆಗಾಲದಲ್ಲಿ ಎದುರುಮನೆಯ ಮಾವಿನ ಕೊಂಬೆ ನಮ್ಮ ಹನ್ನೆರಡು ವರ್ಷದ ನೀಲಿ ಕಾರಿನ ಬಾನೆಟ್ಟಿನ ಮೇಲೆ ಒರಗಿತು. ಟಿಂಕರಿಂಗ್-ಪೇಂಟಿಂಗಿಗೆ ಬಿಟ್ಟೆ. ಬಣ್ಣವೇನೋ ತಾಳೆಯಾಯಿತು. ಆದರೆ ಬಿಸಿಲಿಗೆ ನಿಲ್ಲಿಸಿ ಓರೆಯಾಗಿ ನೋಡಿದರೆ ಬಾನೆಟ್ಟು ಪೂರ್ತಿ ಕಿತ್ತಳೆ ಹಣ್ಣಿನ ಸಿಪ್ಪೆ. ಗನ್ನಿನಿಂದ ಹಾರಿದ ಹನಿಗಳು ಒಂದರೊಳಗೊಂದು ಹರಿದು ಸಮನಾಗುವ ಮೊದಲೇ ಒಣಗಿದರೆ ಹೀಗಾಗುತ್ತದೆ. ಜೊತೆಗೆ ಒಂದು ಮೂಲೆಯಲ್ಲಿ ಬಣ್ಣ ಇಳಿದು ಕಣ್ಣೀರಿನ ಹಾಗೆ ಗಟ್ಟಿಯಾಗಿತ್ತು. ತೋರಿಸಿದರೆ ಮೇಸ್ತ್ರಿ ಸ್ವಲ್ಪವೂ ವಿಚಲಿತನಾಗಲಿಲ್ಲ. “ಒಂದು ತಿಂಗಳು ಬಿಡಿ ಸಾರ್, ಆಮೇಲೆ ರಬ್ಬಿಂಗ್ ಹೊಡೆದ್ರೆ ಗಾಜು ಗಾಜು ಆಗುತ್ತೆ.” ರಬ್ಬಿಂಗಿಗೆ ಎಷ್ಟು? ಅದು ಬೇರೆ ಲೆಕ್ಕವಂತೆ. ಆ ‘ಬೇರೆ ಲೆಕ್ಕ’ ಕೇಳಿದ ಕ್ಷಣವೇ ನನ್ನೊಳಗಿನ ಕುಶಲಕರ್ಮಿ ಎದ್ದು ಕೂತ.

ನೀರು ಹಾಕಿ ಉಜ್ಜುವ ವಿದ್ಯೆ ನನಗೆ ಹೊಸದೇನಲ್ಲ ಎಂಬ ಧೈರ್ಯವೂ ಇತ್ತು. ಚಿಕ್ಕಂದಿನಲ್ಲಿ ಮನೆಯಲ್ಲಿ ಗಂಧ ತೇಯುವ ಕೆಲಸ ನನ್ನದೇ. ಸಾಣೆಕಲ್ಲಿಗೆ ನಾಲ್ಕು ಹನಿ ನೀರು ಚಿಮುಕಿಸಿ ಕೊರಡು ಹಿಡಿದು ಕೂತರೆ ಅಮ್ಮ ಒಳಗಿನಿಂದಲೇ ಸದ್ದು ಕೇಳಿ ತಪ್ಪು ಹಿಡಿಯುತ್ತಿದ್ದಳು. “ಯಾಕೋ ಒತ್ತೀಯ? ಕಲ್ಲು ಕೆಲಸ ಮಾಡತ್ತೆ, ನೀನು ಸುಮ್ನೆ ಆಡಿಸು.” ನೀರು ಜಾಸ್ತಿಯಾದರೆ ತೆಳ್ಳಗೆ, ಕಡಿಮೆಯಾದರೆ ಕರಕರ. ಕಾರಿಗೂ ಇದೇ ಶಾಸ್ತ್ರ, ಫಲ ಮಾತ್ರ ಉಲ್ಟಾ. ಅಲ್ಲಿ ತೇದು ಬಂದದ್ದು ದೇವರಿಗೆ, ಇಲ್ಲಿ ತೇದು ಬಂದದ್ದು ಮೋರಿಗೆ.

ಈ ಕಪ್ಪು ಹಾಳೆಯ ವಂಶಾವಳಿಯನ್ನೂ ಹೇಳಿಬಿಡುತ್ತೇನೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತ ಕೃತಕ ವಜ್ರ ಮಾಡುತ್ತೇನೆಂದು ಹೊರಟು ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ವಿದ್ಯುತ್ತಿನಿಂದ ಕಾಯಿಸಿದ. ವಜ್ರ ಸಿಗಲಿಲ್ಲ. ಸಿಕ್ಕಿದ್ದು ಅದರ ಬಡ ದಾಯಾದಿಯಂಥ ಸಿಲಿಕಾನ್ ಕಾರ್ಬೈಡ್, ನಾವು ಕಾರ್ಬೊರಂಡಮ್ ಅನ್ನುವುದು. ಮುಂದೆ ಫಿಲಡೆಲ್ಫಿಯಾದಲ್ಲಿ ಶಾಯಿ ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕಿ, ನಿಮ್ಮಲ್ಲಿರುವ ಅಷ್ಟೂ ಬಗೆಯ ಕಣಗಳ ಮಾದರಿ ಕಳಿಸಿ ಎಂದು 3ಎಂ ಕಂಪನಿಗೆ ಕಾಗದ ಬರೆದ. ಶಾಯಿಯವನಿಗೆ ಮರಳೇಕೆ ಎಂದು ಅವರು ವಿಚಾರಿಸಿದಾಗ ಗುಟ್ಟು ಹೊರಬಿತ್ತು: ನೀರಿನಲ್ಲಿ ನೆನೆದರೂ ಕರಗದ ಉಪ್ಪುಕಾಗದದ ಉಪಾಯ ಅವನ ಬಳಿಯಿತ್ತು. 1921ರಲ್ಲಿ ಆ ಹಾಳೆ ಮಾರುಕಟ್ಟೆಗೆ ಬಂತು. ಒಣ ಉಜ್ಜುವಿಕೆಯಲ್ಲಿ ಏಳುತ್ತಿದ್ದ ಧೂಳು ಕೆಲಸಗಾರರ ಎದೆ ಸೇರುವುದು ತಪ್ಪಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಇದೇ ಹಾಳೆಯ ಮಾದರಿ ಹಿಡಿದು ಸೇಂಟ್ ಪಾಲ್ ಊರಿನ ಗ್ಯಾರೇಜಿಗೆ ಹೋಗಿದ್ದ ರಿಚರ್ಡ್ ಡ್ರೂ ಎಂಬ ಹುಡುಗ, ಎರಡು ಬಣ್ಣದ ಕಾರಿಗೆ ಅಂಟಿಸಿದ ಕಾಗದ ಕಿತ್ತಾಗ ಬಣ್ಣವೂ ಕಿತ್ತು ಬಂದದ್ದಕ್ಕೆ ಪೇಂಟರ್ ಬಾಯಿಗೆ ಬಂದಂತೆ ಬೈಯುವುದನ್ನು ಕೇಳಿಸಿಕೊಂಡ. ಆ ಬೈಗುಳದಿಂದ ಹುಟ್ಟಿದ್ದು ಮಾಸ್ಕಿಂಗ್ ಟೇಪು, 1925ರಲ್ಲಿ. ಒಂದು ಕಾಗದ ಪರೀಕ್ಷಿಸಲು ಹೋದವನು ಇನ್ನೊಂದನ್ನು ಕಂಡುಹಿಡಿದ. ನಾನೂ ಆ ಟೇಪು ಒಂದು ಸುರುಳಿ ತಂದಿದ್ದೆ. ತಂದದ್ದು ಸರಿ, ಅಂಟಿಸಿದ್ದು ಪೂರಾ ಸರಿಯಲ್ಲ. ಅದು ಆಮೇಲೆ.

ಇನ್ನು ನೀರು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತ್ತಲ್ಲ, ಅಂದಿನಿಂದ ನಮ್ಮ ಬೀದಿಯಲ್ಲಿ ಬಕೆಟ್ ಹಿಡಿದು ಕಾರಿನ ಹತ್ತಿರ ಹೋದವನ ಮೇಲೆ ನಾಲ್ಕು ಕಿಟಕಿಗಳ ಕಣ್ಣು. ಅಡುಗೆಮನೆಯ ಫಿಲ್ಟರು ಹೊರಗೆ ಬಿಡುವ ನೀರನ್ನೇ ಎರಡು ದಿನ ಕೂಡಿಟ್ಟೆ. ಅರ್ಧ ಬಕೆಟ್ ಸಾಕು. ಒಂದೆರಡು ಹನಿ ಶಾಂಪೂ ಹಾಕಿ ಹಾಳೆಗಳನ್ನು ನೆನೆಹಾಕಿದೆ. ಹಾಳೆಯನ್ನು ಬರಿಬೆರಳಲ್ಲಿ ಒತ್ತಿದರೆ ಬೆರಳಿನಷ್ಟಗಲದ ಕಾಲುವೆ ಬೀಳುತ್ತದೆ, ಹಿಂದೆ ಸಮತಟ್ಟಾದದ್ದೇನಾದರೂ ಬೇಕು. ಗ್ಯಾರೇಜಿನ ಹುಡುಗರು ಹಳೆಯ ಹವಾಯಿ ಚಪ್ಪಲಿಯನ್ನು ಚೌಕಕ್ಕೆ ಕತ್ತರಿಸಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದೆ. ಕತ್ತರಿಸಿದ ಚಪ್ಪಲಿ ಹಳೆಯದಲ್ಲ, ತನ್ನದು ಎಂದು ಹೆಂಡತಿ ಹೇಳಿದ್ದು ಸಂಜೆ.

ಉಜ್ಜತೊಡಗಿದರೆ ಮೊದಲು ಕೇಳುವುದು ಸದ್ದು. ಗಂಧದ ಕಲ್ಲಿನದೇ ಸುಸ್‌ಸುಸ್, ಆಮೇಲೆ ಮೆಲ್ಲಗೆ ಆ ಸದ್ದೂ ಅಡಗಿ ಹಾಳೆ ಬೆಣ್ಣೆಯ ಮೇಲೆ ಜಾರಿದಂತೆ ಓಡುತ್ತದೆ. ಬರುವ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿರಬೇಕು. ಬಣ್ಣದ ಮೇಲಿನ ಪಾರದರ್ಶಕ ಪದರ, ಮೇಸ್ತ್ರಿಗಳ ಮಾತಲ್ಲಿ ಕ್ಲಿಯರ್, ತೇಯುತ್ತಿದೆ ಎಂದರ್ಥ. ಕಂಪನಿಯ ಕಾರಿನಲ್ಲಿ ಆ ಪದರದ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳುವು. ನೀರಿಗೆ ನೀಲಿ ಬಂತೋ, ಕ್ಲಿಯರ್ ಮುಗಿಯಿತು, ಅಸಲಿ ಬಣ್ಣಕ್ಕೇ ಕೈ ಹಾಕಿದ್ದೀರಿ. ಹತ್ತು ಸಲ ಆಡಿಸಿ ಒರೆಸಿ ನೋಡಿದರೆ ಕಿತ್ತಳೆ ಸಿಪ್ಪೆಯ ದಿಬ್ಬಗಳು ಮಂಕಾಗಿ, ತಗ್ಗುಗಳು ಮಾತ್ರ ಸಣ್ಣ ಸಣ್ಣ ಚುಕ್ಕೆಯಾಗಿ ಮಿನುಗುತ್ತವೆ. ಆ ಮಿನುಗು ಪೂರ್ತಿ ಸಾಯುವವರೆಗೆ ಉಜ್ಜಬೇಕು. ಹೊಳಪು ಬರಿಸಲು ಹೋದವನು ಮೊದಲು ಹೊಳಪನ್ನೇ ಕೊಲ್ಲಬೇಕಾದ ಕೆಲಸ ಇದು. ನಡುಮಧ್ಯಾಹ್ನದ ಹೊತ್ತಿಗೆ ನನ್ನ ಬಾನೆಟ್ಟು ಪಾಟಿಸ್ಲೇಟಿನಂತಾಗಿತ್ತು. ಪಕ್ಕದ ಮನೆಯ ರಾಯರು ಗೇಟಿನಿಂದಲೇ, “ಇನ್ಷೂರೆನ್ಸ್ ಇದೆ ತಾನೆ?” ಅಂದರು.

ಆಮೇಲಿನದು ಮಜಾ. ರಬ್ಬಿಂಗ್ ಕಾಂಪೌಂಡನ್ನು ಹತ್ತಿಬಟ್ಟೆಗೆ ಹಚ್ಚಿ ಅಂಗೈ ಬಿಸಿಯಾಗುವಂತೆ ತಿಕ್ಕಿದರೆ ಸ್ಲೇಟಿನ ನಡುವೆ ಒಂದು ಕಿಟಕಿ ತೆರೆದು, ಅದರಲ್ಲಿ ಮಾವಿನ ಮರ ತಲೆಕೆಳಗಾಗಿ ಕಾಣುತ್ತದೆ. ಅದೇ ಕೊಂಬೆ! ಗೀರು ಹೋಯಿತು ಅನ್ನುತ್ತೇವೆ, ನಿಜಕ್ಕೂ ಯಾವ ಗೀರೂ ಹೋಗಿರುವುದಿಲ್ಲ. ಒಂದು ದೊಡ್ಡ ಗೀರನ್ನು ಸಾವಿರ ಸಣ್ಣ ಗೀರು ನುಂಗಿ, ಅವನ್ನು ಕಣ್ಣಿಗೆ ಕಾಣದ ಲಕ್ಷ ಗೀರು ನುಂಗಿವೆ, ಅಷ್ಟೆ. ಬಿಸಿಲಲ್ಲಿ ಕಾರಿನ ಮೇಲೆ ಜೇಡರ ಬಲೆಯಂಥ ದುಂಡು ಗೀರುಗಳು ಕಾಣುತ್ತವಲ್ಲ, ಅವೂ ದುಂಡಲ್ಲ. ಗೀರುಗಳು ದಿಕ್ಕಾಪಾಲಾಗಿರುತ್ತವೆ, ಸೂರ್ಯನ ಬಿಂಬದ ಸುತ್ತ ಬೆಳಕಿಗೆ ಅಡ್ಡಲಾಗಿ ಬಿದ್ದವಷ್ಟೇ ಮಿನುಗಿ ಬಳೆ ಕಟ್ಟಿದಂತೆ ತೋರುತ್ತವೆ. ನಂಬಿಕೆಯಾಗದಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಬಲೆಯೂ ಹಿಂದೆಯೇ ಬರುತ್ತದೆ.

ಈಗ ಟೇಪಿನ ವಿಷಯ. ಅಂಚಿನಲ್ಲಿ ಬಣ್ಣ ತೆಳುವಾಗಿ ಕೂರುವುದರಿಂದ ಬಾನೆಟ್ಟಿನ ನಾಲ್ಕೂ ಅಂಚಿಗೆ ಶ್ರದ್ಧೆಯಿಂದ ಟೇಪು ಅಂಟಿಸಿದ್ದೆ. ನಡುವೆ ಉದ್ದಕ್ಕೂ ಉಬ್ಬಿದ ಗೆರೆಯೊಂದಿದೆ, ಅದೂ ಅಂಚೇ ಎಂದು ಹೊಳೆಯಲಿಲ್ಲ. ಕೊನೆಗೆ ಉಳಿದಿದ್ದ ಒಂದೇ ಒಂದು ಮಿನುಗು ಚುಕ್ಕೆ ಅದರ ಪಕ್ಕದಲ್ಲಿತ್ತು. ಇನ್ನೊಂದೇ ನಾಲ್ಕು ಸಲ ಅಂತ ಉಜ್ಜಿದೆ. ನೀರು ನೀಲಿಯಾಯಿತು. ನಾನು ನಿಲ್ಲಿಸುವಷ್ಟರಲ್ಲಿ ನೀಲಿಯೂ ದಾಟಿ ಹೆಬ್ಬೆರಳ ಉಗುರಿನಷ್ಟು ಬೂದು ಪ್ರೈಮರ್ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಸುತ್ತ ಕನ್ನಡಿ, ನಡುವೆ ಈ ಕಣ್ಣು.

ನಾಲ್ಕು ದಿನಕ್ಕೆ ಆಯುಧಪೂಜೆ. ಗಂಧ ನಾನೇ ತೇಯುತ್ತೇನೆಂದು ಸಾಣೆಕಲ್ಲಿನ ಮುಂದೆ ಕೂತೆ. ನಲವತ್ತು ವರ್ಷದ ಮೇಲೆ ಕೊರಡು ಹಿಡಿದ ಮಗನನ್ನು ಅಮ್ಮ ಅನುಮಾನದಿಂದ ನೋಡಿದಳು. ಎಂದಿಗಿಂತ ಗಟ್ಟಿಯಾಗಿ ತೇದೆ. ಚಕ್ರಕ್ಕೆ ನಿಂಬೆಹಣ್ಣು, ಕನ್ನಡಿಗೆ ಸೇವಂತಿಗೆ, ಬಾನೆಟ್ಟಿನ ನಟ್ಟನಡುವೆ ದೊಡ್ಡದೊಂದು ಗಂಧದ ಬೊಟ್ಟು, ಅದರ ಮೇಲೆ ಕುಂಕುಮ.

ತಿಂಗಳು ಕಳೆದ ಮೇಲೆ ರಾಯರು ವಾಕಿಂಗ್ ಮುಗಿಸಿ ಬರುತ್ತ ನಿಂತರು. ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡರು. “ಚೆನ್ನಾಗಿ ಬಂದಿದೆ ಕಣ್ರೀ. ಅದ್ಸರಿ, ಹಬ್ಬದ ಗಂಧ ಇನ್ನೂ ಒರೆಸಿಲ್ವಲ್ಲ?”

“ದೇವರದ್ದು ರಾಯರೇ, ತಾನಾಗೇ ಹೋಗ್ಬೇಕು” ಅಂದೆ. ಅಂದು ಬೆಳಿಗ್ಗೆಯಷ್ಟೇ ಹೊಸದಾಗಿ ಇಟ್ಟಿದ್ದೆ.