ಮೆದೆಯ ಪಕ್ಕದ ಬುಸುಗುಟ್ಟುವಿಕೆ

ಗಿಲಕಿ ಹಾವಿನ ವಿಡಿಯೊ ನೋಡುತ್ತಿದ್ದ ಮಗಳು "ಅಪ್ಪಾ, ಇದು ನಮ್ಮ ಹೊಲದಲ್ಲೂ ಇದೆಯಾ?" ಅಂತ ಕೇಳಿದಳು. ಇಲ್ಲ ಕಂದಾ, ಅದು ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ಪೊರೆ ಬಿಟ್ಟಾಗಲೆಲ್ಲ ಬಾಲದ ಗಿಲಕಿಗೆ ಒಂದೊಂದು ಉಂಗುರ ಸೇರುತ್ತದೆ. ನಮ್ಮ ಬದುಗಳಲ್ಲಿರುವುದು ಅದರದೇ ಕುಟುಂಬದ ಕೊಳಕುಮಂಡಲ.

ಕಳೆದ ಕೊಯ್ಲಿನಲ್ಲಿ ರಾಗಿ ಮೆದೆಯ ಪಕ್ಕ ಹತ್ತಿರದಿಂದಲೇ ಕಂಡೆ. ತರಗೆಲೆ ಬಣ್ಣದ ದಪ್ಪ ಮೈ, ಬೆನ್ನುದ್ದಕ್ಕೂ ಸರಪಳಿ ಕೊಂಡಿಗಳಂಥ ಕಂದು ಮಚ್ಚೆಗಳು. ಗಿಲಕಿ ಇಲ್ಲ, ಆದರೆ ಕುಕ್ಕರ್ ಉಗಿ ಬಿಟ್ಟಂತೆ ಒಂದೇ ಸಮನೆ ಬುಸುಗುಟ್ಟಿತು. ಅಟ್ಟಿಸಿಕೊಂಡು ಬರಲಿಲ್ಲ. ಹತ್ತಿರ ಬರಬೇಡ ಅಂತ ಅದು ಹೇಳುವ ರೀತಿ ಅದು. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ನಾವು ಬೆಳೆದ ಕಡೆಯೇ ಅದರ ಊಟ.

ಕಟ್ಟುಹಾವಿನ ಭಯ ಬೇರೆ ಥರ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ.

2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ತುಂಬ ಒಳ್ಳೆಯ ಕೆಲಸ. ಸಾಯುವವರು ಹೆಚ್ಚಾಗಿ ಹೊಲದಲ್ಲಿ ದುಡಿಯುವವರೇ.

ದಯವಿಟ್ಟು ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೊರಡಬೇಡಿ, ಹುಲ್ಲು ಕೊಯ್ಯುವಾಗ ಗಂಬೂಟು ಹಾಕಿಕೊಳ್ಳಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕರ ವಿಷಕ್ಕೂ ಕೊಡುವ ಇಂಜೆಕ್ಷನ್ ಒಂದೇ.