ಹದಿನಾಲ್ಕು ನುಡಿಗಳ ದವಾಖಾನೆ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಬಾರ್ಟ್' ರೈಲು ಹತ್ತಿದರೆ, ಕೊಲ್ಲಿಯ ನೀರಿನಡಿಯ ಸುರಂಗ ದಾಟಿ ಕಾಲು ಗಂಟೆಯೊಳಗೆ ಓಕ್ಲೆಂಡ್ ಬರುತ್ತದೆ. ಹನ್ನೆರಡನೇ ಬೀದಿಯ ನಿಲ್ದಾಣದಲ್ಲಿಳಿದು ನಾಲ್ಕು ಹೆಜ್ಜೆ ಹಾಕಿದರೆ ಚೈನಾಟೌನ್. ಫುಟ್‌ಪಾತಿಗೇ ಚಾಚಿಕೊಂಡ ಸೊಪ್ಪಿನ ಅಂಗಡಿಗಳು, ಗಾಜಿನ ಹಿಂದೆ ತೂಗುಹಾಕಿದ ಹುರಿದ ಬಾತುಕೋಳಿಗಳು, ಒಣ ಬೇರು-ತೊಗಟೆಗಳ ವಾಸನೆ ಬೀರುವ ನಾಟಿ ಔಷಧದ ಮಳಿಗೆಗಳು. ಎಂಟನೇ ಬೀದಿ ಮತ್ತು ವೆಬ್‌ಸ್ಟರ್ ಬೀದಿ ಕೂಡುವಲ್ಲಿ ಒಂದು ವಿಚಿತ್ರ ಕಾಣುತ್ತದೆ. ನಾಲ್ಕೂ ಕಡೆಯ ವಾಹನಗಳು ಒಮ್ಮೆಗೇ ನಿಲ್ಲುತ್ತವೆ. ಚೀಲ ಹಿಡಿದ ಅಜ್ಜ-ಅಜ್ಜಿಯರು ಚೌಕವನ್ನು ಮೂಲೆಯಿಂದ ಮೂಲೆಗೆ ನಿಶ್ಚಿಂತೆಯಿಂದ ದಾಟುತ್ತಾರೆ. ಈ ವ್ಯವಸ್ಥೆಗಾಗಿ ದುಡಿದವರಲ್ಲಿ ಒಂದು ಆಸ್ಪತ್ರೆಯೂ ಸೇರಿದೆ! ರಸ್ತೆ ದಾಟುವಾಗ ಪೆಟ್ಟು ತಿನ್ನುವುದೂ ಆರೋಗ್ಯದ ಪ್ರಶ್ನೆಯೇ ಎಂಬುದು ವೆಬ್‌ಸ್ಟರ್ ಬೀದಿಯ 'ಏಷ್ಯನ್ ಹೆಲ್ತ್ ಸರ್ವೀಸಸ್' ವಾದ.

ಈ ಕೇರಿಯ ಚರಿತ್ರೆ ಸಲೀಸಾದುದಲ್ಲ. 1882ರ ಕಾನೂನು ಚೀನೀ ಕೂಲಿಗಳಿಗೆ ಅಮೆರಿಕದ ಬಾಗಿಲು ಮುಚ್ಚಿತು. ಅದು ರದ್ದಾದದ್ದು 1943ರಲ್ಲಿ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್ ನಾಶವಾದಾಗ ಅಲ್ಲಿನವರು ಕೊಲ್ಲಿ ದಾಟಿ ಇಲ್ಲಿಗೆ ಬಂದರು. ಮುಂದೆ ಹೆದ್ದಾರಿಗೂ ರೈಲಿಗೂ ಜಾಗ ಬೇಕಾಗಿ ಇದೇ ಕೇರಿಯ ಮನೆಗಳು ನೆಲಸಮವಾದವು. 1965ರಲ್ಲಿ ವಲಸೆಯ ನಿಯಮ ಸಡಿಲವಾಯಿತು. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳ ನಿರಾಶ್ರಿತರೂ ಬಂದು ಸೇರಿದರು.

ಆಸ್ಪತ್ರೆ ಹುಟ್ಟಿದ್ದು 1974ರಲ್ಲಿ; ವಿದ್ಯಾರ್ಥಿ ಕಾರ್ಯಕರ್ತರು ಒಂದೇ ಕೋಣೆಯಲ್ಲಿ ಆರಂಭಿಸಿದ ಚಿಕಿತ್ಸಾಲಯವಾಗಿ. ಈಗ ಅಲ್ಲಿ ಕ್ಯಾಂಟನೀಸ್, ವಿಯೆಟ್ನಾಮೀ, ಖ್ಮೇರ್, ಮಿಯೆನ್, ಮಂಗೋಲಿಯನ್, ಬರ್ಮೀ ಎಂದು 14 ಭಾಷೆಗಳು ಕೇಳಿಬರುತ್ತವೆ. ಇಂಥ ಸಮುದಾಯ ಆರೋಗ್ಯ ಕೇಂದ್ರಗಳ ಕಲ್ಪನೆಯನ್ನು ಅಮೆರಿಕಕ್ಕೆ ತಂದವರಲ್ಲಿ ಡಾ. ಜ್ಯಾಕ್ ಗೈಗರ್ ಪ್ರಮುಖರು. ದಕ್ಷಿಣ ಆಫ್ರಿಕದ ಫೋಲೆಲಾದಲ್ಲಿ ಕಂಡದ್ದನ್ನೇ ಮಾದರಿಯಾಗಿಟ್ಟುಕೊಂಡು 1965ರಲ್ಲಿ ಬಾಸ್ಟನ್ನಿನಲ್ಲಿ ಅವರೂ ಡಾ. ಕೌಂಟ್ ಗಿಬ್ಸನ್ನರೂ ಮೊದಲ ಕೇಂದ್ರಕ್ಕೆ ಅಡಿಪಾಯ ಹಾಕಿದರು. ನಿಯಮ ಸರಳ: ಹಣವಿಲ್ಲವೆಂದು ಯಾರನ್ನೂ ಹಿಂದೆ ಕಳಿಸುವಂತಿಲ್ಲ, ಶುಲ್ಕ ಆದಾಯಕ್ಕೆ ತಕ್ಕಂತೆ, ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಲ್ಲಿಯ ರೋಗಿಗಳೇ ಆಗಿರಬೇಕು.

ಸ್ಟೆತಾಸ್ಕೋಪ್ ಮುಟ್ಟುವ ಮೊದಲು

ಡಾಕ್ಟರಾಗುವ ಕನಸು ಹೊತ್ತು ಇಂಥ ಕೇಂದ್ರಗಳಿಗೆ ತರಬೇತಿಗೆ ಬರುವ ಕಾಲೇಜು ಹುಡುಗ-ಹುಡುಗಿಯರಿಗೆ ಮೊದಲು ಸಿಗುವುದು ಸ್ಟೆತಾಸ್ಕೋಪ್ ಅಲ್ಲ, ಅರ್ಜಿ ನಮೂನೆಗಳ ಕಟ್ಟು. ಮನೆಯಲ್ಲಿ ಎಷ್ಟು ಜನ, ತಿಂಗಳ ಗಳಿಕೆ ಎಷ್ಟು, ಯಾವ ಭಾಷೆಯಲ್ಲಿ ಮಾತಾಡಿದರೆ ಅನುಕೂಲ? ಕೇಳಿ ಬರೆದುಕೊಳ್ಳುವಷ್ಟರಲ್ಲಿ ಒಂದು ಸಂಸಾರದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ದುಭಾಷಿಯ ಪಕ್ಕದಲ್ಲಿ ಕುಳಿತು ನೋಡುವ ಪಾಠ. ದುಭಾಷಿ ರೋಗಿಯ ಮಾತನ್ನು 'ನನಗೆ ನೋವು' ಎಂದೇ ಹೇಳಬೇಕು, 'ಆಕೆಗೆ ನೋವಂತೆ' ಎನ್ನುವಂತಿಲ್ಲ. ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಮನೆಯಲ್ಲಿ ಎರಡು ಭಾಷೆ ಆಡಿ ಬೆಳೆದ ಮಾತ್ರಕ್ಕೆ ಈ ವಿದ್ಯೆ ಬರುವುದಿಲ್ಲ.

ಮಾತು ಬಂದರೂ ಅರ್ಥ ಬರಬೇಕಲ್ಲ? ಕಾಂಬೋಡಿಯದ ಮುದುಕಿಯೊಬ್ಬಳು 'ಗಾಳಿ ಮೇಲೇರಿದೆ' ಎಂದರೆ ಅಮೆರಿಕದ ವೈದ್ಯರಿಗೆ ತಲೆಬುಡ ತಿಳಿಯದು. ವಾಯು, ಪಿತ್ತ ಎಂದು ಕೇಳಿ ಬೆಳೆದ ನಮ್ಮವರಿಗೆ ಅದು ಅಪರಿಚಿತವಲ್ಲ. ಖ್ಮೇರ್ ಭಾಷೆಯ 'ಖ್ಯಾಲ್' ಎಂದರೆ ಗಾಳಿ. ಎದೆಬಡಿತ, ತಲೆಸುತ್ತು, ಕುತ್ತಿಗೆ ನೋವು, ಈಗಲೇ ಪ್ರಾಣ ಹೋದೀತೆಂಬ ಭಯ, ಇವೆಲ್ಲ ಅದರಲ್ಲಿ ಅಡಗಿವೆ. 1975ರಿಂದ 1979ರವರೆಗಿನ ಪೋಲ್ ಪಾಟ್ ಆಳ್ವಿಕೆಯ ಕ್ರೌರ್ಯ ಕಂಡು ಬದುಕಿ ಬಂದವರಲ್ಲಿ ಈ ಬಾಧೆಯನ್ನು ವೈದ್ಯರು ಗುರುತಿಸಿದ್ದಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಅದಕ್ಕೆ ಜಾಗ ದೊರೆಯಿತು. ಗಾಳಿ ಇಳಿಯಲೆಂದು ನಾಣ್ಯದಿಂದ ಬೆನ್ನು ಉಜ್ಜುವ ಪದ್ಧತಿಯುಂಟು. ಆ ಕೆಂಪು ಬರೆಗಳನ್ನು ಮಗುವಿನ ಮೈಮೇಲೆ ಕಂಡ ಹೊರಗಿನವರು ಹೊಡೆತವೆಂದು ತಪ್ಪು ತಿಳಿದದ್ದುಂಟು.

ರೋಗಗಳ ಲೆಕ್ಕವೂ ಇಲ್ಲಿ ಬೇರೆ. ಅಮೆರಿಕದ ಜನಸಂಖ್ಯೆಯಲ್ಲಿ ಏಷ್ಯನ್ನರು ನೂರಕ್ಕೆ ಸುಮಾರು 7 ಮಂದಿ. ದೀರ್ಘಕಾಲದ ಹೆಪಟೈಟಿಸ್-ಬಿ ಸೋಂಕಿತರಲ್ಲಿ ಅವರ ಪಾಲು ಅರ್ಧಕ್ಕಿಂತ ಹೆಚ್ಚು. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ದಾಟುವ ಈ ಸೋಂಕು ಹತ್ತಾರು ವರ್ಷ ಸದ್ದಿಲ್ಲದೆ ಯಕೃತ್ತನ್ನು ತಿನ್ನುತ್ತದೆ. ಸಕ್ಕರೆ ಕಾಯಿಲೆಯದೂ ಹೀಗೆಯೇ. ಏಷ್ಯನ್ನರು ಅಷ್ಟೇನೂ ದಪ್ಪಗಿಲ್ಲದಿದ್ದರೂ ಅದು ಅಂಟಿಕೊಳ್ಳುತ್ತದೆಂದು ಅಲ್ಲಿಯ ಮಧುಮೇಹ ಸಂಘ 2015ರಲ್ಲಿ ಅವರ ತಪಾಸಣೆಗೆ ದೇಹತೂಕ ಸೂಚ್ಯಂಕದ ಮಿತಿಯನ್ನು 25ರಿಂದ 23ಕ್ಕೆ ಇಳಿಸಿತು. ಕೊಲ್ಲಿಯ ಆಚೀಚೆ ನೆಲೆಸಿರುವ ಕನ್ನಡಿಗರಿಗೂ ಈ ಮಾತು ಅನ್ವಯಿಸುತ್ತದೆ.

ಮಗನ ಬಾಯಲ್ಲಿ ತಾಯಿಯ ರೋಗ

ಇಷ್ಟೆಲ್ಲ ಏಕೆ, ಮನೆಯ ಮಕ್ಕಳಿಗೆ ಇಂಗ್ಲಿಷ್ ಬರುತ್ತದಲ್ಲ ಎನ್ನಬಹುದು. ಕಷ್ಟ ಇರುವುದೇ ಅಲ್ಲಿ. ಗರ್ಭಕೋಶದ ತೊಂದರೆಯನ್ನು ತಾಯಿ ಹತ್ತು ವರ್ಷದ ಮಗನ ಬಾಯಿಂದ ಹೇಳಿಸಿಯಾಳೇ? ಗಡ್ಡೆ ಒಳ್ಳೆಯದಲ್ಲವೆಂದು ವೈದ್ಯರು ನುಡಿದರೆ ಆ ಹುಡುಗ ತಾಯಿಗೆ ತಿಳಿಸಿಯಾನೇ? ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದೆಂದು 2016ರಲ್ಲಿ ನಿಯಮವೇ ಬಂತು. ಆದರೆ ಸರ್ಕಾರಿ ಸೇವೆಗಳಲ್ಲಿ ಭಾಷಾ ನೆರವಿಗೆ ಒತ್ತು ಕೊಟ್ಟಿದ್ದ 2000ದ ಅಧ್ಯಕ್ಷೀಯ ಆದೇಶ 2025ರ ಮಾರ್ಚ್‌ನಲ್ಲಿ ರದ್ದಾಯಿತು. ಇಂಗ್ಲಿಷ್ ಅಧಿಕೃತ ಭಾಷೆಯೆಂದು ಘೋಷಣೆಯಾಯಿತು. 1964ರ ನಾಗರಿಕ ಹಕ್ಕುಗಳ ಕಾನೂನು ಮಾತ್ರ ಜಾರಿಯಲ್ಲಿದೆ.

ತರಬೇತಿಗೆ ಬರುವವರಲ್ಲಿ ವಲಸಿಗರ ಮಕ್ಕಳೂ ಇರುತ್ತಾರೆ. ಚಿಕ್ಕಂದಿನಲ್ಲಿ ತಾಯ್ತಂದೆಯರ ನಾಲಗೆಯಾಗಿ ಕಚೇರಿ, ಆಸ್ಪತ್ರೆಗಳಿಗೆ ಅಲೆದವರು. ಔಷಧದ ಹೆಸರುಗಳನ್ನು ಅವರು ಮುಂದೆಯೂ ಕಲಿತಾರು. ತಾಯಿಯ ಕೈಹಿಡಿದು ಬಂದ ಪುಟ್ಟ ಹುಡುಗನಿಗೆ 'ನೀನು ಹೊರಗೆ ಕೂತು ಆಡಿಕೋ, ಅಮ್ಮನ ಮಾತು ನಾವು ಕೇಳಿಕೊಳ್ಳುತ್ತೇವೆ' ಎಂದು ಹೇಳಲು ಕಲಿಯುವುದು ಮಾತ್ರ ಇಂಥ ಕಡೆಯೇ.