ಧಾರಾವಿಯಲ್ಲೊಂದು ಪುಸ್ತಕದ ಹಗ್ಗ

ಸಯನ್ ನಿಲ್ದಾಣದಲ್ಲಿಳಿದು ಪಶ್ಚಿಮಕ್ಕೆ ಹೊರಳಿದರೆ ಧಾರಾವಿ ದೂರವಿಲ್ಲ. ಆದರೂ ಇಷ್ಟು ವರ್ಷ ನಾವು ಅದನ್ನು ಕಂಡದ್ದು ರೈಲಿನ ಕಿಟಕಿಯಿಂದಲೇ. ಕಳೆದ ಜೂನ್ ತಿಂಗಳಲ್ಲಿ ನಾವು ನಾಲ್ವರು ಗುಮಾಸ್ತರು ಎರಡು ಚೀಲ ಪುಸ್ತಕ ಹೊತ್ತು ಅಲ್ಲಿಗೆ ಹೊರಟೆವು. ಕುಂಬಾರವಾಡೆಯ ಆವಿಗೆಗಳ ಹೊಗೆ, ಚರ್ಮದ ಅಂಗಡಿಗಳು, ಓಣಿ ಓಣಿಯಲ್ಲಿ ಹೊಲಿಗೆ ಯಂತ್ರಗಳ ಸದ್ದು. ನಡುವೆ ಕಲಬುರ್ಗಿ ಕಡೆಯ ಮಾತು ಕಿವಿಗೆ ಬಿದ್ದಿತು. ನಗರಪಾಲಿಕೆಯ ಕನ್ನಡ ಶಾಲೆಯ ದಾರಿ ಕೇಳುವುದು ಸುಲಭವಾಯಿತು.

ಒಂದನೆಯ ಇಯತ್ತೆಯ ಮಕ್ಕಳು ಬಹುಮಟ್ಟಿಗೆ ಕೂಲಿಕಾರರ ಮನೆಯವರು. ನಾವು ಒಯ್ದದ್ದಾದರೂ ಏನು? ನಮ್ಮ ಕಪಾಟಿನಲ್ಲಿ ಧೂಳು ಹಿಡಿದಿದ್ದ ಮಹಾಪುರುಷರ ಚರಿತ್ರೆಗಳು! ಸಣ್ಣಕ್ಷರ, ಚಿತ್ರವಿಲ್ಲ. ಮಕ್ಕಳು ಮುಟ್ಟಿ ನೋಡಿ ಕೆಳಗಿಟ್ಟರು.

ನಾಚಿಕೊಂಡು ಮರಳಿ, ವಂತಿಗೆ ಕೂಡಿಸಿ, ಪುಟಕ್ಕೆ ಒಂದೆರಡೇ ಸಾಲು, ದಪ್ಪಕ್ಷರ, ಪುಟತುಂಬ ಚಿತ್ರವಿರುವ ಪುಸ್ತಕಗಳನ್ನು ಕೊಂಡೆವು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, 2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್, ಇವುಗಳ ಪ್ರಕಟಣೆಗಳು ನಮ್ಮ ಜೇಬಿಗೂ ಎಟುಕಿದವು. ಕಪಾಟಿಗೆ ಹಣ ಉಳಿಯಲಿಲ್ಲ. ಗೋಡೆಗೆ ಹಗ್ಗ ಕಟ್ಟಿ, ಆರು ವರ್ಷದ ಕೈಗೆ ಸಿಗುವ ಎತ್ತರದಲ್ಲಿ, ಮುಖಪುಟ ಕಾಣುವಂತೆ ನೇತುಹಾಕಿದೆವು. ಓದು ಬಾರದ ಮಗುವೂ ಚಿತ್ರ ನೋಡಿ ಆರಿಸಿಕೊಳ್ಳಬಲ್ಲದಷ್ಟೆ.

ಆದರೆ ಗುಮಾಸ್ತರ ಬುದ್ಧಿ ಎಲ್ಲಿಗೆ ಹೋದೀತು! ದಾಖಲೆ ಪುಸ್ತಕವೊಂದನ್ನಿಟ್ಟು, ಹಾಳಾದರೆ ಹತ್ತು ರೂಪಾಯಿ ದಂಡವೆಂದು ಬರೆದೆವು. ಆಗಸ್ಟ್ ಮಳೆಯಲ್ಲಿ ಪುಸ್ತಕ ಒಯ್ದಿದ್ದ ಹುಡುಗಿಯೊಬ್ಬಳು ಎರಡು ವಾರ ಶಾಲೆಗೇ ಬರಲಿಲ್ಲ. ಶಿಕ್ಷಕಿಯವರು ಮನೆಗೆ ಹೋಗಿ ಕರೆತಂದರು. ಸೋರುವ ಮನೆಯಲ್ಲಿ ನೆನೆದು ಹಾಳೆ ಕಳಚಿದ್ದ ಪುಸ್ತಕಕ್ಕೆ ತಾಯಿ ತಮ್ಮ ಯಂತ್ರದಲ್ಲೇ ಕಪ್ಪು ದಾರದ ಹೊಲಿಗೆ ಹಾಕಿದ್ದರು.

"ದಂಡ ಎಷ್ಟರಿ ಸರ?" ಎಂದಳು ಹುಡುಗಿ. ಪುಸ್ತಕ ಓದಿದೆಯಾ ಎಂದು ಕೇಳಿದೆವು. "ಹೌದ್ರಿ, ಅವ್ವಗ ಓದಾಕ ಬರಂಗಿಲ್ಲ. ದಿನಾ ನಾನ ಓದಿ ಹೇಳೀನ್ರಿ."

ನಾವು ತಲೆತಗ್ಗಿಸಿದೆವು. ಪುಸ್ತಕಗಳಿರುವುದು ಬಳಕೆಗೆ ಎಂಬುದನ್ನು ಎಸ್. ಆರ್. ರಂಗನಾಥನ್‌ರವರು 1931ರಷ್ಟು ಹಿಂದೆಯೇ ಗ್ರಂಥಾಲಯದ ಮೊದಲ ಸೂತ್ರವಾಗಿಸಿದ್ದರು. ಅದನ್ನು ನಮಗೆ ಕಲಿಸಲು ಈ ಮಗು ಬೇಕಾಯಿತು.

ದಂಡದ ಸಾಲನ್ನು ಅಂದೇ ಹೊಡೆದುಹಾಕಿದೆವು. ಹರಿದವುಗಳ ಬದಲಿಗೆಂದು ತಿಂಗಳಿಗಿಷ್ಟು ಎತ್ತಿಡುತ್ತಿದ್ದೇವೆ. ಹೊಲಿದ ಪುಸ್ತಕ ಈಗಲೂ ಹಗ್ಗದ ಮೇಲಿದೆ. ಅದಕ್ಕೇ ಬೇಡಿಕೆ ಹೆಚ್ಚು. ವಾಚಕರು ಒಮ್ಮೆ ಸಯನ್‌ನಲ್ಲಿಳಿದು ನೋಡಬೇಕು. ಹಗ್ಗದಲ್ಲಿನ್ನೂ ಜಾಗವಿದೆ.